ಮೂರನ್ನು ಎಂಟು ಮಾಡಿದ್ದು

ಹರಿಹರದಲ್ಲಿ ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಐದಾರು ಹೆಂಗಸರಿಗಾಗಿ ನಾನೊಂದು ಮೊಬೈಲ್ ಆ್ಯಪ್ ಮಾಡುತ್ತಿದ್ದೆ. ರೊಟ್ಟಿ ಬೇಕಾದವರು ಅದರಲ್ಲಿ ಕೇಳುತ್ತಾರೆ. ಈ ಹೆಂಗಸರಲ್ಲಿ ಯಾರು ಮೊದಲು ಒಪ್ಪಿಗೆ ಒತ್ತುತ್ತಾರೋ ಆರ್ಡರ್ ಅವರದು. ಕೆಲಸ ಕೊಟ್ಟ ಕಂಪನಿ ದೂರದ್ದು, ಮಾತೆಲ್ಲ ಮೆಸೇಜಿನಲ್ಲೇ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ, ಬಾಡಿಗೆ ಮನೆಯ ಮಹಡಿಯ ಮೇಲೆ ನಾನೊಬ್ಬಳೇ. ಹಾಲಿನ ಪ್ಯಾಕೆಟ್ಟು ಬಾಗಿಲಿಗೆ ಕಟ್ಟಿದ ಚೀಲಕ್ಕೆ ಬೀಳುತ್ತದೆ. ನಲವತ್ತು ದಾಟಿದ ಹೆಂಗಸು ಹೀಗಿದ್ದರೆ ಜನ ‘ಆರಾಮಿದೀರಿ ಬಿಡ್ರಿ’ ಅನ್ನುತ್ತಾರೆ. ಆರಾಮೇನೋ ಹೌದು. ಮಾತಾಡಲು ಯಾರೂ ಇರಲಿಲ್ಲ, ಅಷ್ಟೆ.

ಬರುತ್ತಿದ್ದದ್ದು ಒಂದೇ ಫೋನ್ ಕರೆ. ಆ ಹೆಂಗಸರಲ್ಲಿ ಹಿರಿಯರೊಬ್ಬರು, ನಾನು ಅಕ್ಕಾ ಅನ್ನುತ್ತಿದ್ದೆ, ದಿನಾ ಬೆಳಿಗ್ಗೆ ದೂರು ಹೇಳುತ್ತಿದ್ದರು. ಅವರದು ತೀರಾ ಹಳೆಯ ಫೋನು. ‘ಮೇಡಮ್ಮರೇ, ನಿಮ್ಮ ಆ್ಯಪ್ ಒತ್ತಿ, ಒಂದು ರೊಟ್ಟಿ ಬಡಿದು, ಹಂಚಿಗೆ ಹಾಕಿದೆ. ರೊಟ್ಟಿ ಉಬ್ಬೇತಿ, ಆ್ಯಪ್ ಇನ್ನಾ ತಿರುಗ್ತಾನೇ ಐತ್ರಿ!’ ದೂರು ಮುಗಿದ ಮೇಲೆ ಹಿಟ್ಟಿನ ಗಿರಣಿಯವನ ಸುದ್ದಿ, ಮಗಳ ಸುದ್ದಿ, ಹೊಳೆಗೆ ನೀರು ಬಂದ ಸುದ್ದಿ. ಒಮ್ಮೊಮ್ಮೆ ಅರ್ಧ ತಾಸಾಗುತ್ತಿತ್ತು. ನಾನು ಬರೀ ಹೂಂ ಅನ್ನುತ್ತಿದ್ದೆ.

ಆದರೂ ದೂರು ದೂರೇ. ಪಿ.ಜೆ. ಬಡಾವಣೆಯ ಅಂಗಡಿಯೊಂದರಲ್ಲಿ ಅವರದೇ ಥರದ ಹಳೆಯ ಫೋನು ಹುಡುಕಿ ತಂದು, ಕಂಪ್ಯೂಟರಿಗೆ ಜೋಡಿಸಿದೆ. ನಾನು ಬರೆದ ಕೋಡನ್ನೆಲ್ಲ ಒಟ್ಟು ಮಾಡಿ ಆ್ಯಪ್ ಕಟ್ಟುವ ಬಿಲ್ಡ್ ವ್ಯವಸ್ಥೆಗೆ ಒಂದು ಕಟ್ಟಪ್ಪಣೆ ಸೇರಿಸಿದೆ: ಪ್ರತಿ ಸಲ ಹೊಸ ಆ್ಯಪನ್ನು ಈ ಫೋನಿನಲ್ಲಿ ಹತ್ತು ಬಾರಿ ತೆರೆದು ನೋಡಬೇಕು, ಮೂರು ಸೆಕೆಂಡು ಮೀರಿದರೆ ಕೆಂಪು ಗುರುತು, ಯಾರಿಗೂ ಕಳಿಸುವಂತಿಲ್ಲ. ಎರಡು ವಾರ ಬೇಡದ್ದನ್ನೆಲ್ಲ ಕಿತ್ತು ಹಾಕಿದ ಮೇಲೆ ಹಸಿರು ಬಂತು, ಎಲ್ಲರಿಗೂ ಕಳಿಸಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರನೇ ದಿನದಿಂದ ಅಕ್ಕನ ಫೋನು ಬರುವುದು ನಿಂತಿತು.

ನಿಲ್ಲಲೇಬೇಕಲ್ಲ, ಅದಕ್ಕೇ ತಾನೇ ಇಷ್ಟೆಲ್ಲ ಒದ್ದಾಡಿದ್ದು! ಆದರೆ ಬೆಳಿಗ್ಗೆ ಆ ಹೊತ್ತಿಗೆ ಫೋನನ್ನು ಕೈಗೆತ್ತಿಕೊಂಡು ಸುಮ್ಮನೆ ನೋಡುತ್ತಿದ್ದೆ. ನನಗೆ ಅಳು ಬರುವಷ್ಟು ಬೇಸರವಾಗುತ್ತಿತ್ತು.

ತಿಂಗಳ ನಂತರ ಕಂಪನಿಯವರು ಮೊದಲ ಪುಟದಲ್ಲಿ ದೊಡ್ಡ ದೊಡ್ಡ ಚಿತ್ರ ಹಾಕಲು ಹೇಳಿದರು. ಹಾಕಿದೆ, ಕೆಂಪು ಬಂತು: ಏಳು ಸೆಕೆಂಡು. ಚಿತ್ರಗಳನ್ನು ಹಗುರ ಮಾಡಲು ಅರ್ಧ ದಿನ ಸಾಕಾಗಿತ್ತು. ನಾನು ಸೆಟ್ಟಿಂಗ್ ಫೈಲು ತೆರೆದು, ಮಿತಿಯಾಗಿದ್ದ ಮೂರು ಅಳಿಸಿ ಎಂಟು ಬರೆದೆ. ಹಸಿರಾಯಿತು, ಕಳಿಸಿಬಿಟ್ಟೆ. ಅವಸರವಿತ್ತು ಎಂದು ಕಂಪನಿಗೆ ಬರೆದದ್ದು ಸುಳ್ಳು. ಅಕ್ಕ ನಾಳೆ ಬೈಯಲು ಫೋನು ಮಾಡಲಿ ಎಂಬುದೊಂದೇ ನನ್ನ ಆಸೆ.

ಅವರು ಮಾಡಲಿಲ್ಲ. ನಾಲ್ಕು ದಿನ ಕಾದೆ. ಐದನೇ ದಿನ ತಡೆಯಲಾಗದೆ ಹರಿಹರದ ಬಸ್ಸು ಹತ್ತಿದೆ. ನಡುದಾರಿಯ ಬಾತಿ ಊರು ದಾಟುವವರೆಗೂ ಏನು ನೆಪ ಹೇಳಬೇಕೆಂದೇ ಯೋಚಿಸುತ್ತಿದ್ದೆ.

ಅಕ್ಕ ಒಲೆ ಮುಂದೆ ಇರಲಿಲ್ಲ. ಹಂಚು ಗೋಡೆಗೆ ಒರಗಿತ್ತು.

‘ಬರ್ರಿ, ಕೂಡ್ರಿ’ ಅಂದರು. ಆ್ಯಪ್ ಹೆಂಗಿದೆ ಅಂದರೆ ‘ಚಲೋ ಐತ್ರಿ’ ಅಂದರು. ರೊಟ್ಟಿ ಯಾಕೆ ಬಡಿದಿಲ್ಲ ಅಂತ ಕೇಳಿದ ಮೇಲೆ ನಿಜ ಹೊರಬಿತ್ತು. ‘ನಂದು ಓಪನ್ ಆಗೋದ್ರೊಳಗೆ ಬ್ಯಾರೆಯವ್ರು ಒತ್ತಿರ್ತಾರ್ರಿ. ನಾಲ್ಕೈದು ದಿನ ಆತು, ಒಂದೂ ಸಿಕ್ಕಿಲ್ಲ.’

‘ಮತ್ತೆ ನಂಗೆ ಯಾಕೆ ಫೋನ್ ಮಾಡ್ಲಿಲ್ಲ ಅಕ್ಕಾ?’

‘ದಿನಾ ತಲಿ ತಿಂದ್ರೆ ಹೆಂಗ್ರಿ? ಫೋನ್ ಎತ್ತಿದಾಗೆಲ್ಲ ನಿಮ್ಮ ದನಿ ಒಡದಂಗೆ ಇರ್ತಿತ್ತು, ಬರೀ ಹೂಂ ಹೂಂ ಅಂತಿದ್ರಿ. ಬ್ಯಾಸರಾಗೈತೇನೋ, ಬ್ಯಾಡ ಅನ್ಕಂಡೆ.’

ಹಿಂದಿನ ದಿನದಿಂದ ಬಾಯೇ ಬಿಡದವಳ ದನಿ ಹಾಗೇ ಇರುತ್ತದೆ. ಅದನ್ನು ಅವರಿಗೆ ಹೇಳಲು ನಾಚಿಕೆಯಾಯಿತು. ಎಂಟರ ವಿಷಯವನ್ನಂತೂ ಹೇಳುವ ಧೈರ್ಯವೇ ಬರಲಿಲ್ಲ, ಇವತ್ತಿಗೂ ಹೇಳಿಲ್ಲ. ಚಹಾ ಮಾಡಿಕೊಟ್ಟರು. ತಲೆ ತಗ್ಗಿಸಿ ಕುಡಿದೆ.

ಮನೆಗೆ ಬಂದವಳು ಚಪ್ಪಲಿ ಬಿಟ್ಟ ಕೂಡಲೇ ಕೂತೆ. ಚಿತ್ರಗಳನ್ನೆಲ್ಲ ಕುಗ್ಗಿಸಿದೆ, ಎಂಟನ್ನು ಅಳಿಸಿದೆ. ಮೂರೂ ಬೇಡ ಎಂದು ಎರಡು ಬರೆದೆ. ಕೆಂಪು, ಕೆಂಪು, ಮತ್ತೆ ಕೆಂಪು. ಸಂಜೆಗೆ ಹಸಿರು ಬಂತು. ಕಳಿಸಿ, ಮಾರನೇ ದಿನ ಬೆಳಿಗ್ಗೆ ನಾನೇ ಫೋನು ಮಾಡಿದೆ.

‘ಒತ್ತಿದ ಕೂಡ್ಲೇ ಬಂತ್ರಿ ಮೇಡಮ್ಮರೇ! ಇಪ್ಪತ್ತು ರೊಟ್ಟಿ ಆರ್ಡರ್ ಐತೆ.’ ಹಿಂದೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಹೇಳಲು ದೂರೇನೂ ಉಳಿದಿರಲಿಲ್ಲ.

‘ಫೋನ್ ಇಡ್ಲೇನ್ರಿ ಹಂಗಾರೆ?’ ಅಂದರು.

ಗಿರಣಿಯವನ ಸುದ್ದಿ ಕೇಳಬಹುದಿತ್ತು, ಮಗಳು ಹೆಂಗಿದ್ದಾಳೆ ಅನ್ನಬಹುದಿತ್ತು. ಅವರ ಕೈಯಲ್ಲಿ ಕೆಲಸವಿತ್ತು.

‘ಇಡ್ರಿ ಅಕ್ಕಾ’ ಅಂದೆ.