ಒಡೆಯದೆ ಕಂಡ ಕೊಬ್ಬರಿ

ಪಂಚನಹಳ್ಳಿಯ ಮೀನಾಕ್ಷಮ್ಮನಿಗೆ ಐವತ್ತೆಂಟು ವರ್ಷ. ಅದರಲ್ಲಿ ಮೂವತ್ತೈದು ವರ್ಷ ಕೊಬ್ಬರಿ ಕೆಲಸದಲ್ಲೇ ಕಳೆದಿವೆ. ವರ್ಷವಿಡೀ ಅಟ್ಟದ ಮೇಲೆ ಒಣಗಲು ಬಿಟ್ಟ ಕಾಯಿಗಳನ್ನು ಇಳಿಸುವ ದಿನ ತೋಟದವರು ಮೊದಲು ಕರೆಯುವುದು ಅವಳನ್ನೇ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಒಣಗಿ ಉಂಡೆಯಾಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ, ಕೊಳೆತಿದೆಯೋ, ಇನ್ನೂ ನೀರಿದೆಯೋ ಹೇಳಿಬಿಡುತ್ತಾಳೆ.

ಪಕ್ಕದ ಮನೆಯ ಭೂಮಿಕಾ ಹೊರರಾಜ್ಯದ ಕಣ ವೇಗವರ್ಧಕ ಕೇಂದ್ರವೊಂದರಲ್ಲಿ ಸಂಶೋಧಕಿ. ರಜೆಗೆ ಬಂದವಳು ಈ ಕೆಲಸವನ್ನು ಅರ್ಧ ದಿನ ಕೂತು ನೋಡಿದಳು.

"ಅತ್ತೆ, ನಮ್ಮಲ್ಲೊಂದು ಮಿಷನ್ ಐತೆ. ಪ್ರೋಟಾನ್ ಅಂತ ಕಣ್ಣಿಗೆ ಕಾಣದ ಕಣಗಳನ್ನ ಬಿರುಸಾಗಿ ಓಡಿಸಿ ವಸ್ತುವಿನೊಳಗೆ ತೂರಿಸ್ತೀವಿ. ಗಟ್ಟಿ ಜಾಗ ದಾಟಿದವು ಜಾಸ್ತಿ ಸುಸ್ತಾಗಿರ್ತವೆ, ಟೊಳ್ಳು ದಾಟಿದವು ಕಮ್ಮಿ. ಅದನ್ನ ಅಳೆದು ಒಳಗಿನ ಚಿತ್ರ ತೆಗೀತೀವಿ."

"ಹೋದ ಸಲ ಬಂದಾಗ ಲೇಸರ್ ಅಂತಿದ್ಯಲ್ಲ, ಅದೇನಾ?"

"ಲೇಸರ್‌ನಿಂದಲೂ ಪ್ರೋಟಾನ್ ಹೊರಡಿಸಬಹುದು. ನಮ್ಮ ಲೇಸರ್‌ದು ಎಲೆಯಂಥ ತೆಳುವಾದ್ದಕ್ಕಷ್ಟೇ ಸಾಕು. ಕಾಯಿಗೆ ದೊಡ್ಡ ಮಿಷನ್ನೇ ಬೇಕು. ಬತ್ತೀಯಾ ಅತ್ತೆ?"

ಕಡೂರಿನಲ್ಲಿ ರೈಲು ಹತ್ತುವಾಗ ಮೀನಾಕ್ಷಮ್ಮನ ಚೀಲದಲ್ಲಿ ಹತ್ತು ಕಾಯಿಗಳಿದ್ದವು. ಒಂದೊಂದರ ಒಳಗೂ ಏನಿದೆಯೆಂದು ಅವಳು ಹೇಳಿದ್ದನ್ನು ಭೂಮಿಕಾ ಚೀಟಿಯಲ್ಲಿ ಬರೆದುಕೊಂಡಿದ್ದಳು.

ಕೇಂದ್ರದಲ್ಲಿ ಬೆಂಕಿಯೋ ಗುಡುಗೋ ಇರಬಹುದೆಂದು ಮೀನಾಕ್ಷಮ್ಮ ಅಂದುಕೊಂಡಿದ್ದಳು. ದಪ್ಪ ಕಾಂಕ್ರೀಟ್ ಗೋಡೆಯಾಚೆ ಕಾಯಿ ಸುಮ್ಮನೆ ಕೂತಿತ್ತು. ಈಚೆಯ ಪರದೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಬೂದುಬಣ್ಣ ಕೂಡತೊಡಗಿತು. ಮೊದಲು ಚಿಪ್ಪಿನ ಅಂಚು, ಅದರೊಳಗೆ ಎಳೆಯಷ್ಟು ಗಾಳಿ, ಆಮೇಲೆ ದುಂಡಗೆ ಉಂಡೆ. ಒಡೆದ ಕಾಯಿಯನ್ನು ಅವಳು ಲೆಕ್ಕವಿಲ್ಲದಷ್ಟು ನೋಡಿದ್ದಳು. ಮುಚ್ಚಿದ ಕಾಯಿಯ ಒಳಗನ್ನು ನೋಡಿದ್ದು ಇದೇ ಮೊದಲು. ಎದ್ದು ನಿಂತವಳು ಭೂಮಿಕಾ ಕೂರು ಎಂದರೂ ಕೂರಲಿಲ್ಲ.

ಮೂರನೆಯದನ್ನು ಅವಳು ಕೊಳೆತಿದೆ ಎಂದಿದ್ದಳು. ಅದು ಚೆನ್ನಾಗಿಯೇ ಇತ್ತು. "ಸೋತೆ ಬಿಡು," ಎಂದು ನಕ್ಕಳು.

ಏಳನೆಯದರ ಒಂದು ಪಕ್ಕ ಮಸುಕು ಕಲೆ ಕಂಡಿತು. ಕನ್ನಡಿಗರೇ ಆದ ಹಿರಿಯ ವಿಜ್ಞಾನಿ ಶಿವಪ್ರಸಾದ್ ಅವರ ಮುಖ ಸಪ್ಪಗಾಯಿತು. "ಕಣಗಳನ್ನು ಹಿಡಿಯೋ ನಮ್ಮ ಡಿಟೆಕ್ಟರೇ ಆ ಜಾಗದಲ್ಲಿ ಕೆಟ್ಟಿರಬೇಕು," ಎಂದರು.

"ಇಲ್ಲ ಸ್ವಾಮಿ. ಅಲ್ಲಿ ಉಂಡೆ ಚಿಪ್ಪಿಗೆ ಅಂಟ್ಕೊಂಡೈತೆ. ಸದ್ದು ಒಂದೇ ಮಗ್ಗುಲಲ್ಲಿ ಬತ್ತಿತ್ತು, ಚೀಟಿ ನೋಡಿ," ಎಂದಳು ಮೀನಾಕ್ಷಮ್ಮ. "ಕಾಯಿನ ಒಸಿ ತಿರುಗ್ಸಿ. ಕಲೆ ಮಿಷನ್‌ದಾದ್ರೆ ಅಲ್ಲೇ ಇರ್ತದೆ, ಕಾಯಿದಾದ್ರೆ ಜೊತೇಲೇ ತಿರುಗ್ತದೆ."

ತಿರುಗಿಸಿದರು. ಕಲೆಯೂ ತಿರುಗಿತು.

ಕಣ ತೂರಿದ ಕಾಯಿಯಲ್ಲಿ ವಿಕಿರಣ ಉಳಿದಿಲ್ಲ, ಮುಟ್ಟಿದರೆ ಅಪಾಯವಿಲ್ಲವೆಂದು ಅಳೆದು ನೋಡಿದ ಮೇಲೆ ಮೀನಾಕ್ಷಮ್ಮನೇ ಅದನ್ನು ಒಡೆದಳು. ಉಂಡೆ ಎರಡು ಬೆರಳಗಲ ಚಿಪ್ಪಿಗೆ ಹತ್ತಿಕೊಂಡಿತ್ತು, ಚಿತ್ರದಲ್ಲಿ ಕಂಡ ಜಾಗದಲ್ಲೇ. ಶಿವಪ್ರಸಾದ್ ಆ ಹೋಳನ್ನು ಪರದೆಯ ಪಕ್ಕದಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಅಮ್ಮ, ಉಳಿದ ಚಿತ್ರಗಳನ್ನೂ ನಮ್ಮ ಜೊತೆ ನೋಡೋಕೆ ಇನ್ನೂ ಮೂರು ದಿನ ಇರ್ತೀರಾ?" ಎಂದು ಕೇಳಿದರು. ಅವಳು ಒಂದು ವಾರ ಉಳಿದಳು.

ಊರಿಗೆ ಮರಳಿದಾಗ ತೋಟದ ಸಿದ್ದಪ್ಪ, "ಅಲ್ಲೇನು ನೋಡ್ದೆ ಮೀನಾಕ್ಷಿ?" ಎಂದ. ಅವಳು ಹೇಗೆ ಹೇಳುವುದೆಂದು ಯೋಚಿಸಿದಳು.

"ಕಾಯಿ ಮುಚ್ಕೊಂಡೇ ಇತ್ತು ಕಣಣ್ಣ, ಒಳಗಿದ್ದದ್ದೆಲ್ಲಾ ಕಾಣ್ತು," ಎಂದಳು.