ಎಣ್ಣೆ ಕುಡಿದ ಪೆನ್ನು

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ತೆಂಗಿನ ಕರಟವಿದೆ. ಅರಸೀಕೆರೆಯಲ್ಲಿ ಕರಟಕ್ಕೇನು ಬರ, ಕೊಬ್ಬರಿ ಬಿಡಿಸಿದ ಮೇಲೆ ರಾಶಿರಾಶಿಯಾಗಿ ಒಲೆಗೆ ಹೋಗುವ ವಸ್ತುವಲ್ಲವೇ ಅದು ಎಂದು ನೀವು ಕೇಳಬಹುದು. ಆದರೆ ಈ ಕರಟವನ್ನು ಯಾರೂ ಒಲೆಗೆ ಹಾಕುವಂತಿಲ್ಲ, ಉಪ್ಪು ತುಂಬಿಸುವಂತಿಲ್ಲ, ಅದರಲ್ಲಿ ಹುಣಸೆಹಣ್ಣು ನೆನೆಹಾಕುವಂತಿಲ್ಲ. ಅದು ನನ್ನ ಹಳೆಯ ಮಸಿ ಪೆನ್ನುಗಳಿಗೆ ಸ್ನಾನ ಮಾಡಿಸುವ ಪಾತ್ರೆ. ಅದರ ಒಳಮೈಗೆ ಈಗ ಒಂದು ನೀಲಿ ಕಲೆ ಹತ್ತಿಕೊಂಡಿದೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ಹೋದೀತು, ನಾನು ಉಜ್ಜಿಲ್ಲ. ಯಾಕೆ ಎನ್ನುವುದನ್ನು ಹೇಳುತ್ತೇನೆ, ತುಸು ಕೂತುಕೊಳ್ಳಿ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಮ್ಮದೊಂದು ಪುಸ್ತಕ, ಪೆನ್ಸಿಲ್ಲುಗಳ ಅಂಗಡಿ. ಬರೆದು ಬಿಸಾಡುವ ಬಾಲ್ ಪೆನ್ನುಗಳನ್ನು ಮಾರುವುದು ನನ್ನ ಹೊಟ್ಟೆಪಾಡು, ಯಾರೋ ಬಿಸಾಡಿದ ಮಸಿ ಪೆನ್ನನ್ನು ಹುಡುಕಿ ತಂದು ಮತ್ತೆ ಬರೆಯುವಂತೆ ಮಾಡುವುದು ನನ್ನ ಹುಚ್ಚು. ಬಾಣಾವರದ ಗುಜರಿ ಅಂಗಡಿಯವರು ನನ್ನನ್ನು ಕಂಡ ಕೂಡಲೇ ತಗಡಿನ ಡಬ್ಬವೊಂದನ್ನು ಮುಂದಕ್ಕೆ ತಳ್ಳುತ್ತಾರೆ. ನೆಂಟರನ್ನು ಬೇಲೂರು ಹಳೇಬೀಡಿಗೆ ಕರೆದುಕೊಂಡು ಹೋದಾಗ, ಅವರೆಲ್ಲ ಕತ್ತೆತ್ತಿ ಕಲ್ಲಿನ ಮದನಿಕೆಯರನ್ನು ನೋಡುತ್ತಿದ್ದರೆ ನನ್ನ ಕಣ್ಣು ಮಾತ್ರ ವಯಸ್ಸಾದ ಗೈಡುಗಳ ಜೇಬಿನ ಮೇಲಿರುತ್ತದೆ. ಅಲ್ಲೊಂದು ಚಿನ್ನದ ಬಣ್ಣದ ಕ್ಲಿಪ್ಪು ಮಿನುಗಿದರೆ ಹೊಯ್ಸಳರ ಕಾಲದ ಕಥೆಯೆಲ್ಲ ನನ್ನ ಕಿವಿಯಿಂದ ಜಾರಿಹೋಗುತ್ತದೆ. ಮನೆಯವರಂತೂ ದಿನಾ ಬೆಳಗ್ಗೆ ಅಡುಗೆಮನೆಗೆ ಇಣುಕಿ, "ಏನೇ, ನಿನ್ನ ಮಕ್ಕಳಿಗೆ ಎರೆದು ಆಯ್ತಾ? ಇನ್ನಾದ್ರೂ ನಂಗೊಂದು ಲೋಟ ಕಾಫಿ ಸಿಕ್ತದಾ?" ಎಂದು ಕೇಳುತ್ತಾರೆ. ಕೇಳಲಿ, ನಾನೇನು ಬೇಜಾರು ಮಾಡಿಕೊಳ್ಳುವುದಿಲ್ಲ.

ಸಂಕ್ರಾಂತಿ ಕಳೆದ ಹೊಸತರಲ್ಲಿ, ಚಳಿ ಇನ್ನೂ ಬಿಟ್ಟಿರಲಿಲ್ಲ, ಕಣಕಟ್ಟೆಯ ಬಸ್ಸಿಳಿದು ರುದ್ರಮ್ಮನವರು ಅಂಗಡಿಗೆ ಬಂದರು. ತೆಂಗಿನ ತೋಟದವರು, ನನ್ನ ತಾಯಿಯ ಗೆಳತಿ. ಅವರ ಯಜಮಾನರು ಶಿವಲಿಂಗಪ್ಪನವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಬದುಕಿದ್ದಾಗ ಸುತ್ತಲ ಯಾರ ಮನೆಯಲ್ಲಿ ಮದುವೆ ನಿಶ್ಚಯವಾದರೂ ಲಗ್ನಪತ್ರಿಕೆ ಬರೆಯಲು ಅವರೇ ಬೇಕಿತ್ತು. ಅರಿಶಿನ ಹಚ್ಚಿದ ಹಾಳೆಯ ತಲೆಯ ಮೇಲೆ ಅವರು ಬರೆಯುವ 'ಶ್ರೀ'ಕಾರವನ್ನು ನೋಡಲೆಂದೇ ಹೆಂಗಸರು ಬಾಗಿಲಲ್ಲಿ ಒತ್ತರಿಸಿ ನಿಲ್ಲುತ್ತಿದ್ದರು. ರುದ್ರಮ್ಮನವರು ಸೆರಗಿನ ಗಂಟು ಬಿಚ್ಚಿ ಆ ಪೆನ್ನನ್ನು ನನ್ನ ಅಂಗೈಯಲ್ಲಿಟ್ಟರು. ಗಟ್ಟಿ ರಬ್ಬರಿನ ಕಪ್ಪು ಮೈಯ, ಡ್ರಾಪರಿನಲ್ಲಿ ಮಸಿ ತುಂಬುವ ದಪ್ಪ ಪೆನ್ನು.

"ಮೊಮ್ಮಗಳ ಲಗ್ನಪತ್ರಿಕೆ ಬರೆಸ್ತಾವ್ರೆ ಕಣೇ, ಬರೋ ಸೋಮವಾರ. ಇದ್ರಲ್ಲೇ ಬರೀಬೇಕು. ಅವ್ರಂತೂ ಇಲ್ಲ, ಅವ್ರ ಪೆನ್ನಾದ್ರೂ ಕೂಸಿನ ಮದುವೇಲಿ ಇರ್ಲಿ. ಆಯ್ತದಾ?"

ಆಗುತ್ತದೆ ಎಂದುಬಿಟ್ಟೆ. ಮಾತು ಕೊಟ್ಟ ಮೇಲೆ ಮುಚ್ಚಳ ತೆಗೆದೆ. ನಿಬ್ಬಿನ ಸೀಳು, ಅದರ ಕೆಳಗಿನ ನಾಲಗೆ, ತಿರುಪು, ಎಲ್ಲೆಲ್ಲೂ ಬಿಳಿಯ ಜಿಡ್ಡು ಹೆಪ್ಪುಗಟ್ಟಿತ್ತು. ಮೂಸಿ ನೋಡಿದೆ: ಕೊಬ್ಬರಿ ಎಣ್ಣೆ!

"ಹೂಂ, ನಾನೇ ಹಚ್ತಿದ್ದೆ," ಎಂದರು ಅವರು ಹೆಮ್ಮೆಯಿಂದ. "ಆಯುಧಪೂಜೆ ದಿನ ಮಚ್ಚು, ಕುಡುಗೋಲು ಎಲ್ಲಾದ್ಕೂ ಎಣ್ಣೆ ಹಚ್ಚಿ ವಿಭೂತಿ ಇಡಲ್ವಾ, ಹಂಗೇ ಇದ್ಕೂ. ಒಣಗ್ಬಾರ್ದು ಅಂತ ತುಸ ಜಾಸ್ತಿನೇ ಬಿಡ್ತಿದ್ದೆ."

ನಗು ಬಂತು, ಹಿಂದೆಯೇ ಅಳುವೂ ಬಂತು. ನಮ್ಮ ಸೀಮೆಯಲ್ಲಿ ಎಣ್ಣೆ ಹಚ್ಚಿದರೆ ವಾಸಿಯಾಗದ್ದು ಏನಿದೆ ಹೇಳಿ! ತಲೆನೋವಿಗೆ ಎಣ್ಣೆ, ಕೂಸಿನ ನೆತ್ತಿಗೆ ಎಣ್ಣೆ, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ. ಆದರೆ ಎಣ್ಣೆ ಮುಟ್ಟಿದ ದಾರಿಯಲ್ಲಿ ಮಸಿ ಹರಿಯುವುದಿಲ್ಲ. ಗಂಡನ ಮೇಲಿನ ಅಕ್ಕರೆಯಿಂದಲೇ ಅವರು ವರ್ಷವರ್ಷವೂ ಆ ಪೆನ್ನಿನ ಗಂಟಲು ಕಟ್ಟಿಸಿದ್ದರು. ಅದನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ, ಎರಡು ದಿನ ಬಿಟ್ಟು ಬನ್ನಿ ಎಂದೆ.

ತಿರುಪು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಮನೆಯವರು ಇಕ್ಕಳ ತಂದರು. ನಾನು ಅದನ್ನು ಅಟ್ಟಕ್ಕೆ ವಾಪಸ್ಸು ಕಳಿಸಿದೆ. ಇಕ್ಕಳ ಕಚ್ಚಿದರೆ ಹಳೆಯ ರಬ್ಬರು ಚೂರಾಗುತ್ತದೆ, ಬಿಸಿನೀರಿಗೆ ಹಾಕಿದರೆ ಕಪ್ಪು ಮೈ ಕಂದಿಹೋಗುತ್ತದೆ. ಆದರೆ ಕೊಬ್ಬರಿ ಎಣ್ಣೆಯ ಗುಟ್ಟು ಅರಸೀಕೆರೆಯವರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು, ಚಳಿಗೆ ಕಲ್ಲಾಗುವ ಅದು ಮೈಬಿಸುಪಿಗೇ ಕರಗುತ್ತದೆ. ಪೆನ್ನನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಅಂಗಡಿಯ ವ್ಯಾಪಾರ ಮಾಡಿದೆ, ಆಗಾಗ ತೆಗೆದು ಸೈಕಲ್ ಟ್ಯೂಬಿನ ತುಂಡಿನಲ್ಲಿ ಹಿಡಿದು ಮೆಲ್ಲನೆ ತಿರುಗಿಸಿದೆ. ಬಿಚ್ಚಲಿಲ್ಲ. ಮತ್ತೆ ಸಿಕ್ಕಿಸಿಕೊಂಡೆ. ನನಗೂ ಹಟ ಬಂದಿತ್ತು. ಈ ಪೆನ್ನು ಬರೆಯದಿದ್ದರೆ ನಾನು ಇನ್ನೊಂದು ಪೆನ್ನು ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡೆ. ಮಾರನೆಯ ಮಧ್ಯಾಹ್ನ, ಗಿರಾಕಿಗೆ ನಕ್ಷೆಯ ಹಾಳೆ ಸುತ್ತಿಕೊಟ್ಟು ಸುಮ್ಮನೆ ತಿರುಗಿಸಿದಾಗ ಅದು ಸದ್ದಿಲ್ಲದೆ ಬಿಟ್ಟುಕೊಟ್ಟಿತು.

ಹೇಳಿದ ದಿನ ರುದ್ರಮ್ಮನವರು ಬಂದು ನನ್ನ ಪಕ್ಕದಲ್ಲೇ ಕೂತರು. ನಿಬ್ಬು, ನಾಲಗೆಗಳನ್ನು ಆಗಲೇ ಅಂಟುವಾಳದ ನೊರೆಯಲ್ಲಿ ತೊಳೆದಿಟ್ಟಿದ್ದೆ. ಉಳಿದದ್ದು ಮಸಿ ತುಂಬುವ ಕೊಳವೆ. ಅದಕ್ಕೆ ತುಸು ನೀರು ಬಿಟ್ಟು ಅಲುಗಿಸಿ ಕರಟಕ್ಕೆ ಬಗ್ಗಿಸಿದೆ. ಕಡುನೀಲಿ ನೀರು ಇಳಿಯಿತು.

"ಇದ್ಯಾವ ಮಸಿನೇ?"

"ಒಳಗೇ ಒಣಗಿ ಕೂತಿದ್ದದ್ದು ಅಮ್ಮ. ನೀರು ಬಿದ್ದ ಮೇಲೆ ಕರಗ್ತು."

ಅವರು ಕರಟದ ಮೇಲೆ ಬಗ್ಗಿದರು. "ಹಂಗಾರೆ ಅವ್ರು ತುಂಬ್ಸಿದ್ದು," ಎಂದರು. "ಚೆಲ್ಲಬ್ಯಾಡ ಕಣೇ."

ಅದುವರೆಗೆ ನಾನು ಎಷ್ಟೋ ಪೆನ್ನುಗಳ ನೀರನ್ನು ಬಚ್ಚಲಿಗೆ ಸುರಿದಿದ್ದೆ. ಹಳೆಯದನ್ನು ಹೊಸದು ಮಾಡುವುದೆಂದರೆ ಒಳಗಿದ್ದ ಕಸವನ್ನು ತೆಗೆಯುವುದು ಎಂದೇ ತಿಳಿದಿದ್ದವಳು ನಾನು. ಆ ಕಸವೇ ಒಬ್ಬರು ಕೊನೆಯ ಸಲ ಮುಚ್ಚಳ ಬಿಗಿದು ಎದ್ದುಹೋದ ದಿನದ್ದಾಗಿರಬಹುದು ಎಂದು ನನಗೆ ಹೊಳೆದಿರಲಿಲ್ಲ. ಆ ನೀಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಪುಟ್ಟ ಶೀಷೆಯಲ್ಲಿ ತುಂಬಿಟ್ಟೆ. ಇದು ತೆಳು, ಅಕ್ಷರ ಮಾಸಲಾಗಿ ಕಾಣುತ್ತದೆ ಎಂದು ಎಚ್ಚರಿಸಿದೆ. "ತೆಳ್ಳಗಾದ್ರೇನು, ಶ್ರೀಕಾರ ಒಂದು ಇದ್ರಲ್ಲಿ ಆಗ್ಲಿ. ಮಿಕ್ಕಿದ್ದಕ್ಕೆ ನಿನ್ನ ಅಂಗಡಿ ಮಸಿ ಐತಲ್ಲ," ಎಂದರು.

ಇನ್ನೊಂದು ತೊಡಕಿತ್ತು. ಶಿವಲಿಂಗಪ್ಪನವರ ಕೈಯ ವಾಲಿಗೆ ನಿಬ್ಬಿನ ತುದಿ ಒಂದು ಮಗ್ಗುಲಿಗೆ ಸವೆದಿತ್ತು, ನಾನು ಬರೆದರೆ ಪರಪರ ಕೆರೆಯುತ್ತಿತ್ತು. ನುಣುಪಾದ ಉಜ್ಜುಕಾಗದದ ಮೇಲೆ ನಾಲ್ಕು ಸಲ ಎಳೆದರೆ ಯಾರ ಕೈಗಾದರೂ ಒಗ್ಗುತ್ತದೆ, ಆದರೆ ಅವರ ಕೈಯ ಗುರುತು ಅಲ್ಲಿಗೆ ಮುಗಿಯುತ್ತದೆ. ಕಾಗದವನ್ನು ಕೈಗೆತ್ತಿಕೊಂಡವಳು ಕೆಳಗಿಟ್ಟೆ. ಬರೆಯದಿದ್ದರೆ ರುದ್ರಮ್ಮನವರ ಆಸೆ ಎಲ್ಲರೆದುರು ಮಣ್ಣುಪಾಲಾಗುತ್ತದೆಂದು ಗೊತ್ತಿದ್ದೂ ಹಾಗೇ ಬಿಟ್ಟೆ, ಆಮೇಲೆ ಸೋಮವಾರದವರೆಗೂ ಹೆದರಿಕೊಂಡೇ ಇದ್ದೆ.

ಸೋಮವಾರ ಬೆಳಗ್ಗೆ ಕಣಕಟ್ಟೆಯ ಅವರ ಪಡಸಾಲೆಯಲ್ಲಿ ಗಂಡಿನ ಕಡೆಯವರೆಲ್ಲ ಕೂತಿದ್ದರು, ಹೆಂಗಸರ ನಡುವೆ ನಾನೂ ಇದ್ದೆ. ಮಠದ ಅಯ್ಯನವರು ಅರಿಶಿನ ಹಚ್ಚಿದ ಹಾಳೆಯನ್ನು ಹಲಗೆಯ ಮೇಲೆ ಹರಡಿ, ಶೀಷೆಯ ನೀಲಿ ನೀರು ತುಂಬಿದ್ದ ಪೆನ್ನು ಊರಿದರು. ನಿಬ್ಬು ಕೆರೆಯಿತು, ಮಸಿ ಬರಲಿಲ್ಲ. ಕೊಡವಿ ಮತ್ತೆ ಊರಿದರು, ಬರಲಿಲ್ಲ. ಗಂಡಿನ ಸೋದರಮಾವ ಜೇಬಿನಿಂದ ಬಾಲ್ ಪೆನ್ನು ತೆಗೆದು, "ತಗಳಿ ಅಯ್ಯನೋರೆ, ಹೊತ್ತು ಮೀರ್ತದೆ," ಎಂದರು. ಆ ಪೆನ್ನು ನನ್ನ ಅಂಗಡಿಯದೇ ಇರಬೇಕು.

ಅಡುಗೆಮನೆಯ ಹೊಸ್ತಿಲ ಒಳಗಿನಿಂದ ರುದ್ರಮ್ಮನವರ ದನಿ ಕೇಳಿತು. ಶುಭಕಾರ್ಯವೆಂದು ಅವರು ಅಲ್ಲೇ, ಎಲ್ಲರ ಹಿಂದೆ ನಿಂತಿದ್ದರು. "ನೆಟ್ಟಗೆ ಹಿಡೀಬ್ಯಾಡಿ ಅಯ್ಯನೋರೆ. ತುಸ ಎಡಕ್ಕೆ ವಾಲಿಸ್ಬೇಕು. ಅವ್ರು ಹಂಗೇ ಹಿಡೀತಿದ್ರು."

ಅಯ್ಯನವರು ವಾಲಿಸಿದರು, ಕೆರೆಯಿತು. ಅವರು ಸಿಟ್ಟಾಗಲಿಲ್ಲ, ಪೆನ್ನನ್ನು ಎತ್ತಿ ಹೊಸ್ತಿಲ ಕಡೆ ಚಾಚಿದರು. "ನಂಗೆ ಆಗ್ತಿಲ್ಲ ತಾಯಿ. ನೀವೇ ಬಂದು ಬರೀರಿ."

ಪಡಸಾಲೆಯಲ್ಲಿ ಯಾರೋ ಗೊಣಗಿದರು. ರುದ್ರಮ್ಮನವರು ಅಲ್ಲಾಡಲಿಲ್ಲ. ಮೊಮ್ಮಗಳು ಎದ್ದು ಹೋಗಿ ಕೈ ಹಿಡಿದು, "ಬಾ ಅಜ್ಜಿ," ಎಂದು ಕರೆತಂದಳು. ಅವರು ಕೂತು, ಸೆರಗಿಗೆ ಕೈ ಒರೆಸಿಕೊಂಡು, ಪೆನ್ನನ್ನು ಹಿಡಿದು ಮಣಿಕಟ್ಟನ್ನು ಒಂದಿಷ್ಟು ಎಡಕ್ಕೆ ತಿರುಗಿಸಿದರು. ಮೂವತ್ತು ನಲವತ್ತು ವರ್ಷ ಗಂಡನ ಪಕ್ಕದಲ್ಲಿ ದೀಪದ ಬತ್ತಿ ಸರಿಮಾಡುತ್ತ ನೋಡಿದ್ದ ವಾಲು ಅದು. ನಿಬ್ಬು ಸದ್ದೇ ಮಾಡಲಿಲ್ಲ. ಹಳದಿ ಹಾಳೆಯ ನೆತ್ತಿಯ ಮೇಲೆ ತಿಳಿನೀಲಿಯ ಶ್ರೀ ಮೂಡಿತು, ಮಾಸಲಾಗಿದ್ದರೂ ಎಲ್ಲರಿಗೂ ಕಾಣುವಂತೆ. ನಾನು ಅತ್ತುಬಿಟ್ಟೆ, ಬಾಲ್ ಪೆನ್ನಿನ ಸೋದರಮಾವ ಅದನ್ನು ಮೆಲ್ಲಗೆ ಜೇಬಿಗೆ ಸೇರಿಸಿಕೊಂಡರು.

ಈಗ ಆ ಪೆನ್ನು ಕಣಕಟ್ಟೆಯಲ್ಲಿದೆ. ಇನ್ನು ಎಣ್ಣೆ ಬೇಡ, ದಿನಾ ತುಸು ಬರೆದರೆ ಒಣಗುವುದಿಲ್ಲ ಎಂದಷ್ಟೇ ಅವತ್ತು ಹೇಳಿ ಬಂದಿದ್ದೆ. ಈ ಸಲದ ಆಯುಧಪೂಜೆಯಂದು ರುದ್ರಮ್ಮನವರು ಫೋನು ಮಾಡಿದ್ದರು. "ಎಣ್ಣೆ ಮುಟ್ಟಿಸ್ಲಿಲ್ಲ ಕಣೇ, ವಿಭೂತಿ ಮಾತ್ರ ಇಟ್ಟೆ. ಒಣಗ್ಬಾರ್ದು ಅಂತ ದಿನಾ ಒಂದು ಸಾಲು ಬರೀತೀನಿ." ಏನು ಬರೆಯುತ್ತೀರಿ ಎಂದು ಕೇಳಿದೆ. "ಅವ್ರ ಹೆಸ್ರು," ಎಂದು ನಕ್ಕರು. "ಕಟ್ಕೊಂಡವ್ನ ಹೆಸ್ರು ಬಾಯಲ್ಲಿ ಹೇಳ್ಬಾರ್ದು ಅಂತಿದ್ರು, ಬರೀಬಾರ್ದು ಅಂತ ಯಾರೂ ಹೇಳಿಲ್ವಲ್ಲ."

ಫೋನಿಟ್ಟು ಅಡುಗೆಮನೆಗೆ ಬಂದರೆ ಮನೆಯವರು ಒಲೆಯ ಮುಂದೆ ಆ ಕರಟವನ್ನು ಹಿಡಿದು ನಿಂತಿದ್ದರು. ಕಲೆ ನೋಡಿದ್ದರೆಂದು ಕಾಣುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಅದನ್ನು ಕಿಟಕಿಯಲ್ಲಿ ಇದ್ದ ಕಡೆಯೇ ಇಟ್ಟು, ಒಲೆಗೆ ಬೇರೆ ಕರಟ ಹಾಕಿದರು.