ಕೈಯಿಂದ ಕೈಗೆ ಸುಣ್ಣ

ಎಲೆಯಡಿಕೆಯ ಸುಣ್ಣದ ಡಬ್ಬಿಗೆ ದಿನಕ್ಕೆರಡು ಹನಿ ನೀರು ಬೀಳದಿದ್ದರೆ ಅದು ಕಲ್ಲಾಗುತ್ತದೆ. ನೀವು ಇದನ್ನು ಗಮನಿಸಿರಬಹುದು. ನನಗೆ ಮಾತ್ರ ತಡವಾಗಿ ತಿಳಿಯಿತು, ಏಕೆಂದರೆ ನಮ್ಮ ಮನೆಯಲ್ಲಿ ಆ ಎರಡು ಹನಿಗಳ ಕೆಲಸ ನನ್ನ ಹೆಂಡತಿ ಗಿರಿಜಳದು.

ಎಪ್ಪತ್ತರ ದಶಕದಲ್ಲಿ ನಾನು ಅಜ್ಜಂಪುರದಲ್ಲಿ ವಿಜ್ಞಾನದ ಮೇಷ್ಟರಾಗಿದ್ದೆ. ಮನೆಗೆ ಕಲ್ಲುಕಂಬವಿದ್ದಂತೆ ದೇಹಕ್ಕೆ ಮೂಳೆ, ಒಮ್ಮೆ ನಿಂತರೆ ನಿಂತಿತು ಎಂದು ಮೇಜು ಗುದ್ದಿ ಹೇಳುತ್ತಿದ್ದೆ. ಮೊಟ್ಟೆಯ ಚಿಪ್ಪು ನಿಂಬೆರಸದಲ್ಲಿ ನೊರೆಯೆದ್ದು ಕರಗುವುದನ್ನೂ ತೋರಿಸುತ್ತಿದ್ದೆ. ಮೊಟ್ಟೆ ಮುಟ್ಟದ ಮನೆತನದ ಮೇಷ್ಟರು ಅದನ್ನು ಇಕ್ಕಳದಲ್ಲಿ ಹಿಡಿಯುವ ವೈಭವ ನೋಡಲು ಪಕ್ಕದ ತರಗತಿಯೂ ಕಿಟಕಿಗೆ ಬರುತ್ತಿತ್ತು. ಚಿಪ್ಪಿನ ಪಾಠವನ್ನೂ ಮೂಳೆಯ ಪಾಠವನ್ನೂ ಒಟ್ಟಿಗೆ ಯೋಚಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಗಿರಿಜ ಕಡೂರಿನವಳು. ಊಟವಾದ ಮೇಲೆ ಎಲೆಯಡಿಕೆ ಬೇಕೇ ಬೇಕು. ಸುಣ್ಣವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಡಬ್ಬಿಯನ್ನು ನೆಲಕ್ಕಿಡುತ್ತಿದ್ದಳು, ನಾನು ಎತ್ತಿಕೊಳ್ಳುತ್ತಿದ್ದೆ. ಜಗಳ ಹೇಗೂ ಆಗುತ್ತಿತ್ತು. ಸುಣ್ಣ ಮಾತ್ರ ನಿರಪರಾಧಿಯಾಗಿ ಉಳಿಯುತ್ತಿತ್ತು.

ಒಮ್ಮೆ ಅವಳಿಗೆ ಪಕ್ಕೆನೋವು ಬಂದು, ತರೀಕೆರೆಯ ಡಾಕ್ಟರು ಮೂತ್ರಪಿಂಡದಲ್ಲಿ ಕಲ್ಲಿದೆ ಎಂದರು. ಕಾರಣವನ್ನು ಅವರು ಹೇಳಲಿಲ್ಲ, ಹೇಳಲು ನಾನಿದ್ದೆನಲ್ಲ. ಸುಣ್ಣ ತಿಂದವರಿಗೆ ಸುಣ್ಣದ ಕಲ್ಲು. ಅವುಗಳಲ್ಲೂ ಸುಣ್ಣದಂಶವಿದೆಯೆಂದು ಅಂದೇ ಹಾಲು ಮೊಸರು ನಿಲ್ಲಿಸಿದೆ. ಡಬ್ಬಿಯನ್ನು ಶಾಲೆಗೆ ಒಯ್ದು, ಪ್ರಯೋಗಶಾಲೆಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

"ಒಂಚೂರು ಕೊಡ್ರೀ. ಸುಣ್ಣ ಇಲ್ದೆ ಎಲೆ ತಿಂದ್ರೆ ದನ ಮೇದಂಗಾಗ್ತದೆ" ಎನ್ನುತ್ತಿದ್ದಳು.

"ಕಲ್ಲು ಕಟ್ತದೆ ಕಣೇ."

"ಕಟ್ಲಿ ಬಿಡಿ. ನೀವಂತೂ ಮನೆ ಕಟ್ಸಲಿಲ್ಲ, ಪಾಯಕ್ಕಾದ್ರೂ ಆಯ್ತು."

ಎರಡು ವರ್ಷ ಹೀಗೆ ಹೋಯಿತು. ನಗು ಕಡಿಮೆಯಾಯಿತು. ಗೋಡೆ ಹಿಡಿದು ಏಳತೊಡಗಿದಳು. ಒಂದು ಸಂಜೆ, "ಮೈಯೆಲ್ಲ ನೋವು ಕಣ್ರೀ. ಸುಣ್ಣ ಆಗ್ಹೋದೆ ನಾನು" ಎಂದಳು. ದುಡಿದು ದಣಿದವರೆಲ್ಲ ಆಡುವ ಮಾತು. "ಸುಣ್ಣದ ಹೆಸರೆತ್ತದೆ ನಿಂಗೆ ಮಾತೇ ಬರಲ್ವೇನೇ?" ಎಂದು ನಾನು ನಕ್ಕೆ. ಆ ನಗು ನನಗೆ ಈಗಲೂ ಕೇಳಿಸುತ್ತದೆ.

ಮರುವಾರ ಬಿಂದಿಗೆ ಎತ್ತುವಾಗ ಅವಳ ಬಲಗೈ ಮುರಿಯಿತು. ಬಿದ್ದಿರಲಿಲ್ಲ. ಬಿಂದಿಗೆ ಅರ್ಧ ಮಾತ್ರ ತುಂಬಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರು ಅವಳ ಬೆರಳುಗಳ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೋರಿಸಿದರು. ಮೂಳೆಯ ಅಂಚು ಗೆದ್ದಲು ತಿಂದ ಕಾಗದದಂತಿತ್ತು. ಮೂಳೆಯಲ್ಲಿ ಕಟ್ಟುವ ಜೀವಕೋಶಗಳಿರುವಂತೆ ಕರಗಿಸುವವೂ ಇವೆ ಎಂದರು. ಅವು ಮೂಳೆಗೆ ಅಂಟಿಕೊಂಡು, ಆಮ್ಲ ಸುರಿಸಿ, ಅದರ ಸುಣ್ಣವನ್ನು ರಕ್ತಕ್ಕೆ ಬಿಡುತ್ತವೆ. ಎಲ್ಲರಲ್ಲೂ ನಡೆಯುವ ಕೆಲಸವೇ. ಇವಳ ಕುತ್ತಿಗೆಯಲ್ಲಿ ಕಾಳಿನಷ್ಟು ಗ್ರಂಥಿಯೊಂದು ಕೆಟ್ಟು, ಕರಗಿಸು ಕರಗಿಸು ಎಂದು ಬಿಡುವಿಲ್ಲದೆ ಅಪ್ಪಣೆ ಕೊಡುತ್ತಿತ್ತು.

"ಎಲೆಯಡಿಕೆ ಸುಣ್ಣ, ಡಾಕ್ಟ್ರೇ?"

"ಅದೇನು ಮಾಡೀತು ಮೇಷ್ಟ್ರೇ? ಆ ಕಲ್ಲು ಇವರ ಮೂಳೇದೇ. ಎರಡು ವರ್ಷದ ಹಿಂದೆ ಬಂದಿದ್ರೆ..." ಎಂದು ಮಾತು ನಿಲ್ಲಿಸಿ ಎಕ್ಸ್‌ರೇಗಳನ್ನು ಜೋಡಿಸತೊಡಗಿದರು. ಆಗ ಆ ಗ್ರಂಥಿಯನ್ನು ತೆಗೆದುಹಾಕಬಹುದಿತ್ತು. ಈಗ ಮೂತ್ರಪಿಂಡಗಳೆರಡೂ ಸೋತಿದ್ದವು.

ಊರಿಗೆ ಮರಳಿದ ದಿನ ಶಾಲೆಗೆ ಹೋಗಿ ಬೀರು ತೆಗೆದೆ. ಡಬ್ಬಿಯೊಳಗೆ ಸುಣ್ಣ ಕಲ್ಲಾಗಿತ್ತು. ಹಾಗಾದದ್ದು ನೀರು ಹಾಕಿದರೆ ಮತ್ತೆ ಸುಣ್ಣವಾಗುವುದಿಲ್ಲ. ಇದು ಮಾತ್ರ ನನಗೆ ಪಾಠದಿಂದ ಗೊತ್ತಿತ್ತು. ಕೆರೆದು ತೆಗೆದು ಹೊಸದನ್ನು ತುಂಬಿದೆ. ಬಲಗೈಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಗಿರಿಜಳ ಮಡಿಲಲ್ಲಿ ಎಲೆ ಹರಡಿ, ಎಡಗೈ ಬೆರಳ ತುದಿಗೆ ನಾನೇ ಸುಣ್ಣ ಇಟ್ಟೆ.

"ಕೈಗೇ ಕೊಡ್ತಿದ್ದೀರಲ್ರೀ, ಜಗಳ ಆಗ್ತದೆ."

"ಆಗ್ಲಿ ಕಣೇ" ಎಂದೆ. ಆಗಬೇಕೆಂದೇ ಕೊಟ್ಟಿದ್ದೆ.

ಅವಳು ನಿಧಾನವಾಗಿ ಎಲೆಗೆ ಸವರಿ, ಒಂದೇ ಕೈಯಲ್ಲಿ ಮಡಿಸಿ, ಮೊದಲನೆಯದನ್ನು ನನಗೇ ಕೊಟ್ಟಳು. ಆಮೇಲೆ ಅವಳಿದ್ದಷ್ಟು ದಿನವೂ ಸುಣ್ಣವನ್ನು ಕೈಗೇ ಕೊಟ್ಟೆ. ಒಂದು ದಿನವೂ ಅವಳು ಜಗಳವಾಡಲಿಲ್ಲ.

ಈಗ ಡಬ್ಬಿಗೆ ಎರಡು ಹನಿ ನೀರು ಬಿಡುವವನು ನಾನು. ಬಿಟ್ಟು ನೆಲಕ್ಕಿಡುತ್ತೇನೆ. ನಾನೇ ಎತ್ತಿಕೊಳ್ಳುತ್ತೇನೆ.